ಮೂರು ಸಲ ಬಲೆ

ಬಂದರಿನ ರವೂಫ್ ಈಗ ಅಂಗಡಿಗೆ ಬಂದವರನ್ನು ಬಾಯಿ ತೆರೆದು ಕರೆಯುವುದಿಲ್ಲ. ಕತ್ತು ಸ್ವಲ್ಪ ಆಡಿಸುತ್ತಾನೆ, ಕೈಯಿಂದ ಸ್ಟೂಲು ತೋರಿಸುತ್ತಾನೆ, ಅಷ್ಟೇ. ಹೊಸ ಗಿರಾಕಿಗಳಿಗೆ ಇದು ಜಂಬ ಎಂದು ಕಾಣುತ್ತದೆ. ಹಳಬರಿಗೆ ಗೊತ್ತು, ಇದೇ ಮನುಷ್ಯ ಹಿಂದೆ ಬೀದಿಯ ಆ ಕೊನೆಯಲ್ಲಿ ಒಬ್ಬ ತಂಡೇಲನ, ಎಂದರೆ ಬೋಟು ನಡೆಸುವವನ, ತಲೆ ಕಂಡರೆ ಸಾಕು, "ಬಲೆ, ಬಲೆ" ಎಂದು ಇಡೀ ಓಣಿಗೆ ಕೇಳುವಂತೆ ಕೂಗುತ್ತಿದ್ದ. ತುಳುವಿನಲ್ಲಿ ಬಲೆ ಎಂದರೆ ಬನ್ನಿ. ಸಲಿಗೆಯವರಿಗೆ, ಕಿರಿಯರಿಗೆ ಬಲ. ಹಿರಿಯರಿಗೆ, ಹೊರಗಿನವರಿಗೆ, ಹತ್ತು ಜನರನ್ನು ಒಟ್ಟಿಗೆ ಕರೆಯುವಾಗ ಬಲೆ. ಮಂಗಳೂರಿನಲ್ಲಿ ಹುಟ್ಟಿದ ಯಾವ ಜಾತಿಯವನಿಗೂ ಇದನ್ನು ಕಲಿಸಿಕೊಡಬೇಕಾಗಿಲ್ಲ. ರವೂಫ್ ಬ್ಯಾರಿ ಮುಸ್ಲಿಂ, ಮನೆಮಾತೂ ಬ್ಯಾರಿ, ಆದರೆ ಅಂಗಡಿಯಲ್ಲಿ ಅವನು ಆಡುವುದರಲ್ಲಿ ಮುಕ್ಕಾಲು ಪಾಲು ತುಳುವೇ. ಅಂಥವನ ಬಾಯಿಯಿಂದ ಆ ಒಂದು ಪದವನ್ನು ಕಿತ್ತುಕೊಂಡದ್ದು ಯಾರು ಎಂದು ಕೇಳಿದರೆ, ಬೇರೆ ಯಾರೂ ಅಲ್ಲ, ಅವನೇ.

ಅವನ ಕಸುಬು ಮೀನಿನ ಬೋಟುಗಳ ವಯರ್‌ಲೆಸ್ ಸೆಟ್ಟುಗಳ ರಿಪೇರಿ. ಬೋಟುಗಳು ತಂಗುವ ದಕ್ಕೆಯಿಂದ ಹೊರಟ ಬೋಟು ಅಳಿವೆ ದಾಟಿ ಸ್ವಲ್ಪ ಹೊರಗೆ ಹೋದರೆ ಮೊಬೈಲಿನಲ್ಲಿ ಕಡ್ಡಿ ನಿಲ್ಲುವುದಿಲ್ಲ. ಆಮೇಲೆ ಬೋಟಿಗೂ ಬೋಟಿಗೂ, ಬೋಟಿಗೂ ದಡಕ್ಕೂ ಮಾತು ಎಂದರೆ ಆ ಕಪ್ಪು ಪೆಟ್ಟಿಗೆಯೊಂದೇ. ಗುಂಡಿ ಒತ್ತಿ ಮಾತಾಡಬೇಕು, ಗುಂಡಿ ಬಿಟ್ಟು ಕೇಳಬೇಕು. ಒಬ್ಬನು ಮಾತಾಡುತ್ತಿರುವಾಗ ಇನ್ನೊಬ್ಬನು ಒತ್ತಿದರೆ ಇಬ್ಬರದ್ದೂ ಹಾಳು. ಒತ್ತುವ ಮೊದಲೇ ಬಾಯಿ ಬಿಟ್ಟರೆ ಮೊದಲ ಎರಡು ಪದ ಸಮುದ್ರದ ಪಾಲು. ಇಷ್ಟು ಸಣ್ಣ ವಿಷಯವನ್ನು ಈ ಜನರಿಗೆ ಕಲಿಸುವುದರಲ್ಲಿ ನನ್ನ ಅರ್ಧ ಆಯುಷ್ಯ ಹೋಯಿತು ಎಂದು ರವೂಫ್ ಗೊಣಗುತ್ತಿದ್ದ. ಹಾಗೆ ಗೊಣಗುವುದು ಅವನಿಗೆ ಖುಷಿಯೂ ಆಗಿತ್ತು.

ಪ್ರಾಯದಲ್ಲಿ ಅವನು ಗಲ್ಫಿನ ಒಂದು ಬಂದರಿನಲ್ಲಿ ವಯರ್‌ಲೆಸ್ ಕೋಣೆಯ ಸಹಾಯಕನಾಗಿದ್ದ. ಅಲ್ಲಿ ಮಲಯಾಳಿ ಇದ್ದ, ಫಿಲಿಪ್ಪೀನಿನವನಿದ್ದ, ಈಜಿಪ್ಟಿನವನಿದ್ದ; ಒಬ್ಬನ ಭಾಷೆ ಇನ್ನೊಬ್ಬನಿಗೆ ದೇವರಾಣೆ ಬಾರದು. ಆದರೂ ಹಡಗುಗಳು ಒಂದಕ್ಕೊಂದು ತಾಗದೆ ಬಂದು ಹೋಗುತ್ತಿದ್ದವು. ಯಾಕೆಂದರೆ ಎಲ್ಲರೂ ಒಪ್ಪಿಕೊಂಡ ಕೆಲವೇ ಪದಗಳಿದ್ದವು, ಆ ಪದಗಳನ್ನು ಹೇಳುವುದಕ್ಕೆ ಒಂದು ವರಸೆ ಇತ್ತು. ಮೊದಲು ನೀನು ಯಾರು, ಆಮೇಲೆ ಯಾರಿಗೆ, ಆಮೇಲೆ ಎಂತ, ಆಮೇಲೆ ಎಲ್ಲಿ. ರವೂಫ್ ಅದಕ್ಕೆ ಮರುಳಾಗಿಬಿಟ್ಟ. ಊರಿಗೆ ಬಂದು ರಮ್ಲಾಳನ್ನು ಮದುವೆಯಾಗಿ ಅಂಗಡಿ ತೆರೆದ ಮೇಲೂ ಆ ಮರುಳು ಇಳಿಯಲಿಲ್ಲ. ರಮ್ಲಾ ಪೇಟೆಯಿಂದ ಫೋನು ಮಾಡಿ ಸೀದಾ ಸೀರುಳ್ಳಿ ತರಬೇಕಾ ಎಂದು ಕೇಳಿದರೆ, ಮೊದಲು ಹೆಸರು ಹೇಳು ಎನ್ನುತ್ತಿದ್ದ. ಹೆಂಡತಿಯ ಸ್ವರ ಗೊತ್ತಾಗದವರಿಗೆ ಸೀರುಳ್ಳಿಯೂ ಬೇಡ ಎಂದು ಆಕೆ ಫೋನು ಇಡುತ್ತಿದ್ದಳು.

ನೋಣಯ್ಯ ಅವನಿಗೆ ಗಂಟುಬಿದ್ದದ್ದು ಉಪ್ಪುನೀರು ಕುಡಿದ ಒಂದು ಸೆಟ್ಟಿನಿಂದ. ತೊಕ್ಕೊಟ್ಟಿನ ಒಳಗಿನ ಗದ್ದೆ ಬೇಸಾಯದ ಮನೆಯವನು. ಗದ್ದೆ ಪಾಲಾಗಿ ಹೋದ ಸಿಟ್ಟಿಗೆ ಬೋಟು ಹತ್ತಿ, ತಂಡೇಲನಾಗಿ, ಕೊನೆಗೆ 'ನಾಗಕನ್ನಿಕಾ' ಎಂಬ ಬೋಟನ್ನು ತನ್ನದೇ ಮಾಡಿಕೊಂಡವನು. ಅಂದು ಸೆಟ್ಟನ್ನು ಹೆಗಲಿನ ಬೈರಾಸಿನಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟು, "ಜೀವ ಉಂಟಾ ನೋಡು ಬ್ಯಾರಿ" ಎಂದಿದ್ದ. ರವೂಫ್ ಅದಕ್ಕೆ ಜೀವ ಬರಿಸಿದ. ಅಲ್ಲಿಂದ ಮೂವತ್ತು ವರ್ಷ ಇವರಿಬ್ಬರೂ ಬೈದುಕೊಂಡು ಬದುಕಿದರು. ಬೈಗುಳಕ್ಕೆ ಕಾರಣ ಒಂದೇ. ಇಡೀ ದಕ್ಕೆಗೆ ವರಸೆ ಕಲಿಸಿದ ರವೂಫನಿಗೆ ಈ ಒಬ್ಬನನ್ನು ತಿದ್ದಲಿಕ್ಕೆ ಆಗಲಿಲ್ಲ. ನೋಣಯ್ಯ ವಯರ್‌ಲೆಸ್ಸಿನಲ್ಲಿ ಬೋಟಿನ ಹೆಸರು ಹೇಳಿದವನೇ ಅಲ್ಲ. ಗುಂಡಿ ಒತ್ತಿ, ಎಲ್ಲ ಬೋಟಿನವರೂ ಕೇಳುವಂತೆ, "ಓ ಬ್ಯಾರಿ, ಊಟ ಆಯ್ತಾ?" ಎಂದು ಶುರು ಮಾಡುತ್ತಿದ್ದ.

ದಕ್ಕೆಯ ಬೋಟು ಮಾಲಕರ ಒಂದು ಸಂಘ ದಡದಲ್ಲಿ ವಯರ್‌ಲೆಸ್ ಕೋಣೆ ಮಾಡಿ ಅದನ್ನು ರವೂಫನ ಕೈಗೆ ಕೊಟ್ಟಿತ್ತು. ಬೆಳಿಗ್ಗೆ ಅಲ್ಲಿ, ಮಧ್ಯಾಹ್ನದ ಮೇಲೆ ಅಂಗಡಿಯಲ್ಲಿ. ಆ ಕಾಲದಲ್ಲಿ ಸೆಟ್ಟು ತೆರೆದರೆ ಸಂತೆ. ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಕೆಲಸಕ್ಕೆ ಬಂದವರ ತಮಿಳು, ಎಲ್ಲ ಒಟ್ಟಿಗೆ. ಒಂದು ಬೋಟಿನ ಬಲೆ ನೀರಿನಡಿಯ ಕಲ್ಲಿಗೋ ತನ್ನದೇ ಇಂಜಿನ್ನಿನ ಪಂಕಕ್ಕೋ ಸಿಕ್ಕಿಬಿದ್ದರೆ, ಹತ್ತಿರದವರು ದೂರ ಸರಿಯಬೇಕು. ಇಲ್ಲದಿದ್ದರೆ ಅವರ ಬಲೆಯೂ ಅದಕ್ಕೇ ಸುತ್ತಿಕೊಳ್ಳುತ್ತದೆ. ಆದರೆ ಸರಿಯಿರಿ ಎಂದು ಒಬ್ಬ ಕೊಂಕಣಿಯಲ್ಲಿ ಕೂಗುವಾಗ ಇನ್ನೊಬ್ಬ ಅದನ್ನು ಬೈಗುಳವೆಂದು ತಿಳಿದು ವಾಪಸು ಬೈಯುತ್ತಾ ಅಲ್ಲಿಯೇ ನಿಂತಿರುತ್ತಿದ್ದ. ಒಂದು ಮೀನಿನ ಕಾಲದಲ್ಲಿ ಎರಡು ದೊಡ್ಡ ಬಲೆಗಳು ಹಾಗೆ ಸುತ್ತಿಕೊಂಡು ಹರಿದು, ಎರಡೂ ಕಡೆಯವರು ದಕ್ಕೆಯಲ್ಲಿ ಕೈ ಕೈ ಮಿಲಾಯಿಸಿದ ಮೇಲೆ, ಎಲ್ಲರಿಗೂ ಒಂದೇ ಪದಪಟ್ಟಿ ಆಗಲಿ ಎಂದು ರವೂಫ್ ಹಟ ಹಿಡಿದ.

ಮಳೆಗಾಲದ ಮೀನುಗಾರಿಕೆ ನಿಷೇಧದಲ್ಲಿ ಬೋಟುಗಳೆಲ್ಲ ದಡದಲ್ಲಿ ಕಟ್ಟಿ ಹಾಕಿರುವಾಗ ಸಭೆ ಸೇರಿತು. ಅಬ್ಬಾ, ಆ ಸಭೆಗಳು! ಯಾವ ಭಾಷೆ ಎಂಬುದಕ್ಕೇ ಮೊದಲ ಸಭೆ ಮುಗಿದು ಹೋಯಿತು. ತುಳು ಎಂದರೆ ಮಲಯಾಳಿಗಳು ಎದ್ದರು, ಮಲಯಾಳ ಎಂದರೆ ಎಲ್ಲರೂ ಎದ್ದರು. ಇಂಗ್ಲಿಷಿನವರಂತೆ ಮಾತಿನ ಕೊನೆಗೆ 'ಓವರ್' ಎನ್ನೋಣ ಎಂದು ಒಬ್ಬ ಹೇಳಿದ್ದಕ್ಕೆ, ಹಾಗಾದರೆ ಆರು ಬಾಲು ಎಸೆಯುವವರು ಯಾರು ಎಂದು ಹಿಂದಿನಿಂದ ಕೇಳಿದ್ದು ನೋಣಯ್ಯನೇ. ಕೊನೆಗೆ ರವೂಫ್ ಎದ್ದು ಕನ್ನಡ ಎಂದ. ಕನ್ನಡ ಇಲ್ಲಿ ಕೂತ ಯಾರ ಮನೆಯ ಮಾತೂ ಅಲ್ಲ, ಶಾಲೆಗೆ ಹೋದವರಿಗೆಲ್ಲ ಬರುತ್ತದೆ, ಆದ್ದರಿಂದ ಯಾರೂ ಮೇಲಲ್ಲ ಯಾರೂ ಕೆಳಗಲ್ಲ ಎಂದು ವಿವರಿಸಿದ. ಸಂಘದ ಅಧ್ಯಕ್ಷ ಜೊಕಿಮ್‌ಗೆ ಈ ಲೆಕ್ಕ ಬಹಳ ಹಿಡಿಸಿತು. ಯಾರಿಗೂ ಸ್ವಂತವಲ್ಲದ್ದಕ್ಕೆ ಯಾರೂ ಜಗಳವಾಡಲಿಲ್ಲ.

ನಾಲ್ಕು ಪದ ನಿಶ್ಚಯವಾಯಿತು. ಮುಳುಗಡೆ, ಬೆಂಕಿಯಂಥದ್ದಕ್ಕೆ 'ಆಪತ್ತು', ಕೇಳಿದವರೆಲ್ಲ ಓಡಿ ಬರಬೇಕು. ಬಿರುಗಾಳಿಗೆ 'ಗಾಳಿ'. ಅಳಿವೆಯ ಬಾಯಿಯಲ್ಲಿ ತೆರೆ ಎದ್ದಿದ್ದರೆ 'ಬಾಗಿಲು', ಒಳಗೆ ಬರಬಾರದು. ಬಲೆ ಸಿಕ್ಕಿಬಿದ್ದರೆ 'ಬಲೆ', ಹತ್ತಿರದವರು ದೂರ ಸರಿಯಬೇಕು. ಮೊದಲು ಬೋಟಿನ ಹೆಸರು, ಆಮೇಲೆ ಪದ ಮೂರು ಸಲ, ಆಮೇಲೆ ಜಾಗ. ದಡದಿಂದ ರವೂಫ್ ಅದನ್ನೇ ತಿರುಗಿ ಹೇಳಿ ಆಜ್ಞೆ ಕೊಡಬೇಕು. ಅವನು ಹೇಳುವವರೆಗೆ ಉಳಿದವರು ಬಾಯಿ ಮುಚ್ಚಿರಬೇಕು.

ಇದನ್ನು ಸಭೆಗೆ ಒಯ್ಯುವ ಮೊದಲು ರವೂಫ್ ತೊಕ್ಕೊಟ್ಟಿನಲ್ಲಿ ನೋಣಯ್ಯನ ಮನೆಯ ಜಗಲಿಯಲ್ಲಿ ಕೂತು ಒಂದೊಂದು ಪದವನ್ನೂ ಕೂಗಿ ನೋಡಿದ್ದ. ನೋಣಯ್ಯ ಅಂಗಳದ ಆ ತುದಿಯಲ್ಲಿ ಮಳೆಗೆ ತಲೆಯ ಮೇಲೆ ಓಲೆಯ ಗೊರಬೆ ಇಟ್ಟುಕೊಂಡು ನಿಂತು, ಕೇಳಿತು, ಕೇಳಲಿಲ್ಲ ಎಂದು ಕೈ ಮಾಡುತ್ತಿದ್ದ. 'ಬಲೆ' ಎಂದಾಗ ಒಳಗೆ ನೀರುದೋಸೆ ಹೊಯ್ಯುತ್ತಿದ್ದ ಅಕ್ಕು, ನೋಣಯ್ಯನ ಹೆಂಡತಿ, ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು.

"ಎಂತ ಕರೆದದ್ದು?"

ಕರೆದದ್ದಲ್ಲ, ಬಲೆ ಸಿಕ್ಕಿಬಿದ್ದದ್ದು, ಇದನ್ನು ಕೇಳಿದರೆ ಎಲ್ಲರೂ ದೂರ ಓಡಬೇಕು ಎಂದು ರವೂಫ್ ಗಂಭೀರವಾಗಿ ತಿಳಿಸಿದ. ಅಕ್ಕು ನಕ್ಕುಬಿಟ್ಟಳು. "ಬಲೆ ಅಂದ್ರೆ ಓಡಿ ಹೋಗುದಾ ರವೂಫಾಕ? ನಮ್ಮಲ್ಲಿ ಬಲೆ ಅಂದ್ರೆ ಬರ್ಲಿಕ್ಕೆ ಅಲ್ವಾ?"

ಮನೆಯಲ್ಲಿ ಮೀನಿನ ಬಲೆಗೂ ಬಲೆ ಎಂದೇ ಹೇಳುತ್ತೀರಲ್ಲ, ಅದು ಗೊಂದಲ ಆಗುತ್ತದಾ ಎಂದು ಅವನು ಕೇಳಿದ. ಮನೆಯಲ್ಲಿ ಮುಖ ಕಾಣುತ್ತದೆ, ನಿಮ್ಮ ಪೆಟ್ಟಿಗೆಗೆ ಮುಖ ಎಲ್ಲುಂಟು ಎಂದಳು ಅವಳು. ರವೂಫನಿಗೆ ಸ್ವಲ್ಪ ಕಿರಿಕಿರಿಯಾಯಿತು. ಪಟ್ಟಿಗಾಗಿ ಎಷ್ಟೋ ದಿನ ತಲೆ ಕೆಡಿಸಿಕೊಂಡವನು. ದೋಸೆ ಹೊಯ್ಯುತ್ತಾ ಬಂದವಳು ಒಂದೇ ಮಾತಿನಲ್ಲಿ ತೆಗೆದು ಹಾಕಿದರೆ? "ವಯರ್‌ಲೆಸ್ಸಿನಲ್ಲಿ ತುಳು ಇಲ್ಲ ಅಕ್ಕು. ಅಲ್ಲಿ ಕನ್ನಡ ಮಾತ್ರ" ಎಂದ. ನೋಣಯ್ಯ ಗೊರಬೆಯ ಅಡಿಯಿಂದ ಹೋ ಎಂದು ನಕ್ಕು, ದೋಸೆ ಕರಟುವ ವಾಸನೆ ಬರುತ್ತಿದೆ ಎಂದ. ಅಕ್ಕು ಒಳಗೆ ಹೋದಳು. ಆ ಮಾತು ಅಲ್ಲಿಗೆ ಮುಗಿಯಿತು.

ಪಟ್ಟಿ ಗೆದ್ದಿತು ಎನ್ನಬೇಕು. ಮೊದಲು ನಗಾಡಿದವರು ಎರಡನೆಯ ವರ್ಷಕ್ಕೆ ಅದನ್ನೇ ನೆಚ್ಚಿದರು. ಕನ್ನಡ ಓದಲು ಬಾರದ ಒರಿಸ್ಸಾದ ಕೆಲಸಗಾರರು ಕೂಡ ಸೆಟ್ಟಿನಲ್ಲಿ ಬಲೆ, ಬಲೆ, ಬಲೆ ಎಂದು ಕೇಳಿದ ಕೂಡಲೇ ತಂಡೇಲ ಹೇಳುವ ಮೊದಲೇ ಬೋಟು ತಿರುಗಿಸಲು ಎದ್ದು ನಿಲ್ಲುತ್ತಿದ್ದರು. ಬಲೆಗೆ ಬಲೆ ಸುತ್ತಿಕೊಳ್ಳುವುದು ನಿಂತೇ ಹೋಯಿತು. ಸಂಘದವರು ರವೂಫನಿಗೆ ಶಾಲು ಹೊದಿಸಿದರು. ಯಾರಾದರೂ ಪಟ್ಟಿಗೆ ಇನ್ನೊಂದು ಪದ ಸೇರಿಸೋಣ, ಇದನ್ನು ಬದಲಿಸೋಣ ಎಂದು ಬಂದರೆ ಅವನು ಸಿಡುಕುತ್ತಿದ್ದ. ಒಂದು ಸಲ ಒಪ್ಪಿದ ಮೇಲೆ ಮುಗಿಯಿತು, ದಿನಕ್ಕೊಂದು ಪದ ಮಾಡಿದರೆ ಜೀವ ಹೋಗುತ್ತದೆ ಎಂದು ಬೆರಳೆತ್ತಿ ಹೇಳುತ್ತಿದ್ದ. ಎಲ್ಲರಿಗೂ ಆ ಮಾತು ಬಾಯಿಪಾಠವಾಗಿತ್ತು.

ಹಾಗೆ ಇರುವಾಗ ಒಂದು ಜನವರಿಯ ಬೆಳಿಗ್ಗೆ, ಗಾಳಿ ಇಲ್ಲ, ತೆರೆ ಇಲ್ಲ, ಸಮುದ್ರ ತಟ್ಟೆಯಲ್ಲಿ ಹೊಯ್ದಿಟ್ಟಂತಿತ್ತು. ನಾಗಕನ್ನಿಕಾದಲ್ಲಿ ನೋಣಯ್ಯನ ಜೊತೆ ಅವನ ಅಕ್ಕನ ಮಗ ರೂಪೇಶ್ ಇದ್ದ, ಮೂರು ನಾಲ್ಕು ಕೆಲಸಗಾರರಿದ್ದರು. ಬಲೆ ನೀರಿನಲ್ಲಿತ್ತು. ಕೂಗಿದರೆ ಕೇಳುವುದಿಲ್ಲ, ಕೈ ಬೀಸಿದರೆ ಕಾಣುತ್ತದೆ ಎನ್ನುವಷ್ಟು ದೂರದಲ್ಲಿ ಕುಲಶೇಖರದ ಆಂಬ್ರೋಸ್ ತನ್ನ 'ಸಾಗರತಾರೆ'ಯಲ್ಲಿ ಬಲೆ ಎಳೆದು ಮುಗಿಸಿ ದಡಕ್ಕೆ ಹೊರಡುವವನಿದ್ದ. ಅವನದ್ದು ಹೊಸ ಇಂಜಿನ್ನಿನ ವೇಗದ ಬೋಟು. ಚುಕ್ಕಾಣಿ ಹಿಡಿದಿದ್ದ ನೋಣಯ್ಯ ಎದೆ ಒತ್ತಿಕೊಂಡು, ಬೆವರಿ, ಹಾಗೆಯೇ ಕೆಳಗೆ ಕುಸಿದ. ರೂಪೇಶ್ ಓಡಿ ಬಂದು ಅವನನ್ನು ಹಿಡಿದುಕೊಂಡ. ಆಂಬ್ರೋಸಣ್ಣನ ಬೋಟಿಗೆ ಮಾಮನನ್ನು ದಾಟಿಸಿದರೆ ಬೇಗ ದಡ ಸೇರಿಸಬಹುದು ಎಂದು ಅವನಿಗೆ ಹೊಳೆದದ್ದೇನೋ ಸರಿಯೇ. ಅವನು ಮೈಕು ಎಳೆದುಕೊಂಡು ಕೂಗಿದ. ಹೆದರಿದವನಿಗೆ ಬಾಯಿಗೆ ಬಂದದ್ದು ತುಳು. ಆಂಬ್ರೋಸಣ್ಣ, ಬೇಗ ಬಲೆ. ಬಲೆ, ಬಲೆ.

ಆದರೆ ಗುಂಡಿ ಒತ್ತುವ ಮೊದಲೇ ಬಾಯಿ ತೆರೆದಿದ್ದ. ಮೊದಲ ಎರಡು ಪದ ಹೋಗಲೇ ಇಲ್ಲ.

ದಡದ ಕೋಣೆಯಲ್ಲಿ ಚಾ ಆರಿಸುತ್ತಿದ್ದ ರವೂಫನಿಗೆ ಕೇಳಿದ್ದು ಇಷ್ಟೇ: ಬಲೆ, ಬಲೆ, ಬಲೆ. ಮೂರು ಸಲ, ಪಟ್ಟಿಯಲ್ಲಿ ಇದ್ದ ಹಾಗೆಯೇ. ಬೋಟಿನ ಹೆಸರು ಹೇಳದಿದ್ದರೂ ರೂಪೇಶನ ಸ್ವರ ಅವನಿಗೆ ಗೊತ್ತಿತ್ತು. ಮಾವನ ಹಾಗೆಯೇ ಅಳಿಯ, ಹೆಸರು ಹೇಳುವ ಅಭ್ಯಾಸ ಇಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡು, ಗುಂಡಿ ಒತ್ತಿ, ಸ್ಪಷ್ಟವಾಗಿ, ನಿಧಾನವಾಗಿ ಹೇಳಿದ: "ನಾಗಕನ್ನಿಕಾ, ಬಲೆ, ತಿಳಿಯಿತು. ಹತ್ತಿರದ ಬೋಟುಗಳು ದೂರ ಸರಿಯಿರಿ."

ಆಂಬ್ರೋಸ್ ಬೋಟು ತಿರುಗಿಸಿದ. ನಾಗಕನ್ನಿಕಾದಲ್ಲಿ ಯಾರೋ ಬೈರಾಸು ಬೀಸುವುದು ಅವನಿಗೆ ಕಂಡಿತು. ಹೋಗಿ, ಹೋಗಿ ಎನ್ನುತ್ತಿದ್ದಾರೆ ಎಂದು ತಿಳಿದು, ಸರಿ ಎಂದು ತಾನೂ ಕೈ ಬೀಸಿ, ಇಂಜಿನ್ನಿಗೆ ಇನ್ನಷ್ಟು ಜೋರು ಕೊಟ್ಟ. ಇತ್ತ ರೂಪೇಶ್ ಮೈಕು ಬಿಸಾಡಿ ಮಾಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಸಾಗರತಾರೆ ತಿರುಗಿದ್ದು ಅವನಿಗೂ ಕಂಡಿತು. ಸುತ್ತು ಹಾಕಿ ಪಕ್ಕಕ್ಕೆ ಬರುತ್ತಿದೆ ಎಂದುಕೊಂಡು ಕಾದ. ಬೋಟು ಸಣ್ಣದಾಗುತ್ತಾ ಹೋದಾಗಲೇ ಅದು ದೂರ ಹೋಗುತ್ತಿದೆ ಎಂದು ಅವನಿಗೆ ತಿಳಿದದ್ದು. ಮತ್ತೆ ಮೈಕು ಹಿಡಿದು, ಈ ಸಲ ಪಟ್ಟಿ ನೆನಪಾಗಿ, ಬೋಟಿನ ಹೆಸರು ಹೇಳಿ 'ಆಪತ್ತು' ಎಂದ. ಕೇಳಿದವರೆಲ್ಲ ಓಡಿ ಬಂದರು, ಎಲ್ಲರಿಗಿಂತ ಮುಂಚೆ ಆಂಬ್ರೋಸನೇ. ಅಷ್ಟರಲ್ಲಿ ಒಂದು ಗಂಟೆಯ ಹತ್ತಿರ ಹೋಗಿತ್ತು. ದಕ್ಕೆಗೆ ತರುವಾಗ ನೋಣಯ್ಯನಿಗೆ ಉಸಿರು ಇತ್ತು, ಆಸ್ಪತ್ರೆಯ ಬಾಗಿಲಲ್ಲಿ ಇರಲಿಲ್ಲ. ಸ್ವಲ್ಪ ಬೇಗ ತರಬೇಕಿತ್ತು ಎಂದು ಡಾಕ್ಟರು ಹೇಳಿದರು. ಡಾಕ್ಟರುಗಳು ಎಲ್ಲರಿಗೂ ಹೇಳುವ ಮಾತೇ ಅದು. ಆದರೆ ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತಿದ್ದ ರವೂಫನ ಕಿವಿಗೆ ಅದು ಬಿತ್ತು.

ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಎಷ್ಟೋ ಸಲ ಅನಿಸಿದ್ದುಂಟು. ಆಂಬ್ರೋಸ್ ಬಂದು ಅವನ ಮುಂದೆ ಮಕ್ಕಳ ಹಾಗೆ ಅತ್ತ. ನನಗೆ ತುಳು ಬರುವುದಿಲ್ಲವಾ ರವೂಫಾಕ, ಹುಟ್ಟಿದ ದಿನದಿಂದ ಕೇಳಿದ ಭಾಷೆ, ಆದರೂ ಅದು ಕರೆಯುವುದು ಅಂತ ನನ್ನ ತಲೆಗೆ ಹೋಗಲೇ ಇಲ್ಲ ಎಂದು ಹಣೆ ಬಡಿದುಕೊಂಡ. ರವೂಫ್ ಅವನ ಕೈ ಹಿಡಿದು ತಡೆದ. ಆಂಬ್ರೋಸನ ತಲೆಗೆ ಹೋಗದ ಹಾಗೆ ಮಾಡಿದವನು ತಾನೇ. ಅಂಗಡಿಯ ಬಾಗಿಲಿನಲ್ಲಿ ದಿನಕ್ಕೆ ಐವತ್ತು ಸಲ ಬಲೆ, ಬಲೆ ಎಂದು ಕರೆಯುವವನೇ, ಅದೇ ಪದವನ್ನು ಓಡಿಸುವ ಪದವಾಗಿ ಈ ಜನರ ಮೈಗೆ ಹತ್ತಿಸಿದ್ದ. ಅದನ್ನು ಮೊದಲೇ ಹೇಳಿದವಳು ಒಬ್ಬಳಿದ್ದಳು. ಶವ ಎತ್ತುವ ದಿನ ತೊಕ್ಕೊಟ್ಟಿನ ಆ ಓಣಿಯ ತುದಿಯಲ್ಲಿ ಜನರ ಹಿಂದೆ ನಿಂತು ಅವನು ಅಕ್ಕುವನ್ನು ದೂರದಿಂದ ನೋಡಿದ. ಅವಳೂ ನೋಡಿದಳೋ ಇಲ್ಲವೋ. ಅವನು ತಲೆ ತಗ್ಗಿಸಿ ಬಸ್ಸು ಹತ್ತಿದ.

ಮನೆಗೆ ಬಂದು ರಮ್ಲಾಳ ಹತ್ತಿರ ಒಂದೇ ಮಾತು ಹೇಳಿದ. ಆ ಪದವನ್ನು ಪಟ್ಟಿಯಿಂದ ತೆಗೆಸುತ್ತೇನೆ. ತೆಗೆಸಿದ ಮೇಲೆಯೇ ಆ ಮನೆಗೆ ಹೋಗಿ ಅಕ್ಕುವಿಗೆ ಮುಖ ತೋರಿಸುತ್ತೇನೆ. ಬರಿಗೈಯಲ್ಲಿ ಹೇಗೆ ಹೋಗಲಿ?

ನಿಷೇಧದ ಕಾಲ ಬಂತು, ಸಭೆ ಸೇರಿತು. ಬಲೆಗೆ ಬದಲು 'ಗಂಟು' ಎನ್ನೋಣ ಎಂದು ರವೂಫ್ ಕೇಳಿಕೊಂಡ. ಆಮೇಲೆ ಜೊಕಿಮ್ ಮೆಲ್ಲನೆ ಶುರು ಮಾಡಿದ. ಅವನು ಕೆಟ್ಟವನಲ್ಲ, ನೋಣಯ್ಯನ ಹೆಣಕ್ಕೆ ಹೆಗಲು ಕೊಟ್ಟವನೇ.

"ಇಷ್ಟು ವರ್ಷದಲ್ಲಿ ಬಲೆ ಅಂದ್ರೆ ಎಲ್ಲರ ಕೈ ತನ್ನಿಂದ ತಾನೇ ಚುಕ್ಕಾಣಿ ತಿರುಗಿಸ್ತದೆ ರವೂಫಾಕ. ಇನ್ನು ಗಂಟು ಅಂದ್ರೆ ಅರ್ಧ ಜನ ಎಂತ ಅಂತ ಮುಖ ಮುಖ ನೋಡ್ತಾರೆ, ಅರ್ಧ ಜನ ಬಲೆ ಅಂತಲೇ ಹೇಳ್ತಾರೆ. ಎರಡೆರಡು ಪದ ಆದ್ರೆ ಮತ್ತೊಂದು ಹೆಣ ಬೀಳ್ತದೆ. ಒಂದು ಸಲ ಒಪ್ಪಿದ ಮೇಲೆ ಮುಗೀತು ಅಂತ ಹೇಳಿದ್ದು ನೀವೇ ಅಲ್ವಾ?"

ರವೂಫನದೇ ಮಾತು, ಅವನದೇ ಲೆಕ್ಕ. ಜೊಕಿಮ್ ಹೇಳಿದ್ದು ತಪ್ಪು ಎಂದು ಬೇರೆ ಯಾರಾದರೂ ಹೇಳಬಹುದು, ಅವನು ಹೇಗೆ ಹೇಳಿಯಾನು? ಅಷ್ಟಕ್ಕೇ ನಿಂತಿದ್ದರೆ ಅವನು ಸುಮ್ಮನೆ ಎದ್ದು ಬರುತ್ತಿದ್ದನೋ ಏನೋ. ಹಿಂದಿನಿಂದ ಒಬ್ಬ, ಪದದ ತಪ್ಪಲ್ಲ, ಹುಡುಗ ಗುಂಡಿ ಸರಿ ಒತ್ತಲಿಲ್ಲ, ಹೆಸರು ಹೇಳಲಿಲ್ಲ ಎಂದ. ಜನ ಹೌದು ಹೌದು ಎಂದರು. ರವೂಫ್ ಎದ್ದು ನಿಂತ. ಕಣ್ಣೆದುರು ಮಾವ ಸಾಯುತ್ತಿರುವಾಗ ಯಾರಾದರೂ ಗುಂಡಿ ನೋಡಿ ಒತ್ತುತ್ತಾರಾ, ತಪ್ಪು ಹುಡುಗನದ್ದಲ್ಲ, ನನ್ನದು ಎಂದು ಕೂಗಿ, ಕೋಣೆಯ ಕೀಲಿಕೈಯನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದ. ದಡದ ಕೋಣೆಗೆ ಬೇರೆಯವರು ಬಂದರು. ಪದ ಅಲ್ಲಿಯೇ ಉಳಿಯಿತು. ಮರುವರ್ಷ ಮತ್ತೆ ಕೇಳಿದ, ಮತ್ತೆ ಅದೇ ಆಯಿತು. ಈ ಸಲ ಯಾರೂ ಬಾಯಿ ಬಿಟ್ಟು ಬೇಡ ಎನ್ನಲೂ ಇಲ್ಲ, ಚಾ ಕುಡಿದು ಎದ್ದು ಹೋದರು.

ಅಂಗಡಿಯಲ್ಲಿ ಸೆಟ್ಟು ರಿಪೇರಿ ಮಾಡಿದ ಮೇಲೆ ಹಚ್ಚಿ ನೋಡಬೇಕಲ್ಲ. ಹಚ್ಚಿದಾಗ ಕೆಲವೊಮ್ಮೆ ದೂರದಿಂದ ಯಾವುದೋ ಬೋಟಿನ ಬಲೆ, ಬಲೆ, ಬಲೆ ಕೇಳುತ್ತಿತ್ತು. ರವೂಫ್ ತಿರುಪುಳಿಯನ್ನು ಕೆಳಗಿಡುತ್ತಿದ್ದ. ಇದು ನಿಜಕ್ಕೂ ಬಲೆಯಾ, ಯಾರೋ ಯಾರನ್ನೋ ಕರೆಯುವುದಾ ಎಂದು ಕಿವಿ ನೆಟ್ಟಗೆ ಮಾಡಿ ಕೂರುತ್ತಿದ್ದ. ಬಲೆಯೇ ಆಗಿರುತ್ತಿತ್ತು. ಆದರೂ ಆ ದಿನ ಮತ್ತೆ ಕೆಲಸ ಸಾಗುತ್ತಿರಲಿಲ್ಲ. ಪದ ಹೋಗುವುದನ್ನು ಕಾದರೆ ನೀವೇ ಮೊದಲು ಹೋಗುತ್ತೀರಿ, ಒಮ್ಮೆ ಹೋಗಿ ಬನ್ನಿ ಎಂದು ರಮ್ಲಾ ಎಷ್ಟು ಹೇಳಿದರೂ ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದೆರಡು ಸಲ ತೊಕ್ಕೊಟ್ಟಿನವರೆಗೆ ಹೋದದ್ದುಂಟು. ಜಂಕ್ಷನಿನಲ್ಲಿ ಇಳಿದು, ಮೀನು ಮಾರ್ಕೆಟಿನ ಎದುರು ನಿಂತು, ಬಾಳೆಹಣ್ಣು ಕಟ್ಟಿಸಿಕೊಂಡು, ಅದೇ ಹಣ್ಣು ಹಿಡಿದುಕೊಂಡು ವಾಪಸು ಬಂದ.

ಮೊನ್ನೆ ಮಳೆಗಾಲ ಹಿಡಿದ ಮೇಲೆ ರೂಪೇಶ್ ಅಂಗಡಿಗೆ ಬಂದ. ಈಗ ನಾಗಕನ್ನಿಕಾಕ್ಕೆ ಅವನೇ ತಂಡೇಲ. ಗಡ್ಡ ಬಿಟ್ಟಿದ್ದ, ಮಾವನ ಹಾಗೆಯೇ ಸೆಟ್ಟನ್ನು ಬೈರಾಸಿನಲ್ಲಿ ಸುತ್ತಿ ತಂದಿದ್ದ. ಈ ಎರಡೂವರೆ ವರ್ಷದಲ್ಲಿ ಅವನು ಸೆಟ್ಟನ್ನು ಬೇರೆ ಎಲ್ಲೋ ಕೊಡುತ್ತಿದ್ದ. ಅದು ರವೂಫನಿಗೂ ಗೊತ್ತಿತ್ತು, ಅವನು ಅದನ್ನು ತಪ್ಪು ಎಣಿಸಿರಲಿಲ್ಲ. ಸ್ಟೂಲು ತೋರಿಸಿದ. ರೂಪೇಶ್ ಕೂತ. ರವೂಫ್ ಸೆಟ್ಟಿನ ಮುಚ್ಚಳ ಬಿಚ್ಚತೊಡಗಿದ.

ಆಮೇಲೆ ರೂಪೇಶನೇ ಬಾಯಿ ಬಿಟ್ಟ. "ಆಂಬ್ರೋಸಣ್ಣ ಹಿರಿಯರಲ್ವಾ. ಅವರಿಗೆ ಬಲ ಅಂತ ಹೇಳ್ಲಿಕ್ಕೆ ನನಗೆ ಬಾಯಿ ಬರ್ಲಿಲ್ಲ. ಬಲ ಅಂದಿದ್ರೆ ನಿಮಗೆ ಗೊತ್ತಾಗ್ತಿತ್ತು."

ರವೂಫ್ ಕಣ್ಣು ಮುಚ್ಚಿಕೊಂಡ. ಗೊತ್ತಾಗುತ್ತಿತ್ತು. ಬಲ ಎಂದು ಕೇಳಿದ್ದರೆ ಅದು ಪಟ್ಟಿಯ ಪದವಲ್ಲ, ಅವನ ಕಿವಿ ನಿಲ್ಲುತ್ತಿತ್ತು, ಎಂತ ಎಂದು ಕೇಳುತ್ತಿದ್ದ. ದೊಡ್ಡವರಿಗೆ ಮರ್ಯಾದೆ ಕೊಡಬೇಕೆಂದು ಮನೆಯವರು ಕಲಿಸಿದ್ದನ್ನು ಹುಡುಗ ಅಂಥ ಹೊತ್ತಿನಲ್ಲೂ ಮರೆತಿರಲಿಲ್ಲ. ಒಂದು ಎತ್ವದಷ್ಟು ಮರ್ಯಾದೆ.

"ಮಾಮನಿಗೆ ಆಗ ಎಚ್ಚರ ಇತ್ತು" ಎಂದ ರೂಪೇಶ್. "ದೂರ ಸರಿಯಿರಿ ಅಂತ ನೀವು ಹೇಳಿದ್ದು ಅವರಿಗೆ ಕೇಳಿತು. ಬ್ಯಾರಿಗೆ ಅರ್ಥ ಆಗ್ಲಿಲ್ಲ ಮಾರಾಯ, ಇನ್ನೊಮ್ಮೆ ಹೇಳು ಅಂದ್ರು. ನಾನು ಅವರ ಕೈ ಬಿಟ್ಟು ಏಳ್ಲಿಲ್ಲ. ಆಂಬ್ರೋಸಣ್ಣ ಬರ್ತಾ ಇದ್ದಾರೆ ಅಂತ ಹೇಳಿದೆ. ಅದನ್ನು ಯಾರಿಗೂ ಹೇಳಿರ್ಲಿಲ್ಲ."

ರವೂಫ್ ಎದ್ದು ಅವನ ಪಕ್ಕದಲ್ಲಿ ನಿಂತು, ಏನು ಮಾಡಬೇಕೆಂದು ತಿಳಿಯದೆ, ಅವನ ಬೆನ್ನಿನ ಮೇಲೆ ಕೈ ಇಟ್ಟ. ಇಷ್ಟು ಕಾಲ ಈ ಭಾರವೆಲ್ಲ ತನ್ನೊಬ್ಬನದ್ದೇ ಎಂದು ಕೂತಿದ್ದವನಿಗೆ, ಈ ಹುಡುಗನೂ ಒಂದು ಪಾಲು ಹೊತ್ತು ಓಡಾಡಿದ್ದಾನೆ ಎಂದು ತಿಳಿದು ನಾಚಿಕೆಯಾಯಿತು. ಹೋಗುವ ಮೊದಲು ರೂಪೇಶ್, ಅತ್ತೆ ಕೇಳುತ್ತಿರುತ್ತಾರೆ, ಬ್ಯಾರಿ ಇದ್ದಾರಾ ಸತ್ತರಾ ಅಂತ, ಎಂದ. ಸೆಟ್ಟು ಸರಿಯಾದ ಮೇಲೆ ನಾನೇ ಮನೆಗೆ ತಂದು ಕೊಡುತ್ತೇನೆ ಎಂದು ರವೂಫನ ಬಾಯಿಂದ ಬಂದುಬಿಟ್ಟಿತು. ಬಂದ ಮೇಲೆ ನುಂಗಲಿಕ್ಕಾಗಲಿಲ್ಲ.

ಆ ಭಾನುವಾರ ಸೇತುವೆ ದಾಟುವಾಗ ನೇತ್ರಾವತಿ ಕೆಂಪಗೆ ತುಂಬಿ ಹರಿಯುತ್ತಿತ್ತು. ರವೂಫ್ ಸೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಅಕ್ಕುವಿಗೆ ಹೇಳಬೇಕಾದ್ದನ್ನು ವರಸೆಯಾಗಿ ಜೋಡಿಸಿಕೊಳ್ಳುತ್ತಿದ್ದ. ಮೊದಲು ಇದು, ಆಮೇಲೆ ಅದು. ತೊಕ್ಕೊಟ್ಟಿನಲ್ಲಿ ಇಳಿದು ಓಣಿ ಹಿಡಿಯುವಷ್ಟರಲ್ಲಿ ಜೋಡಿಸಿದ್ದೆಲ್ಲ ಮರೆತುಹೋಗಿತ್ತು. ಅಂಗಳದ ಆ ತುದಿಯಲ್ಲಿ, ಹಿಂದೆ ನೋಣಯ್ಯ ಗೊರಬೆ ಇಟ್ಟುಕೊಂಡು ನಿಲ್ಲುತ್ತಿದ್ದ ಜಾಗದಲ್ಲಿಯೇ, ಅವನು ನಿಂತ. ಅಕ್ಕು ಸೊಂಟಕ್ಕೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. ತಲೆ ಪೂರಾ ಬೆಳ್ಳಗಾಗಿತ್ತು.

"ಬಲೆ" ಎಂದಳು.

ಮೂವತ್ತು ವರ್ಷ ಆ ಬಾಗಿಲಿನಲ್ಲಿ ಕೇಳಿದ ಪದ. ರವೂಫನಿಗೆ ಗೊತ್ತಿತ್ತು ಅದು ಎಂತ ಎಂದು. ಆದರೆ ಅವನ ಕಾಲು ಒಂದು ಹೆಜ್ಜೆ ಹಿಂದಕ್ಕೆ ಹೋಯಿತು. ಮನಸ್ಸು ಹೇಳಿದ್ದಲ್ಲ, ಕಾಲು ತಾನಾಗಿ ಹೋದದ್ದು. ಅವನು ತನ್ನ ಕಾಲನ್ನೇ ನೋಡುತ್ತಾ ನಿಂತ. ಅಕ್ಕುವೂ ಆ ಕಾಲನ್ನು ನೋಡಿದಳು.

"ಕೋಪ ಉಂಟು ನನಗೆ" ಎಂದಳು. "ಇಲ್ಲ ಅಂತ ಸುಳ್ಳು ಹೇಳುದಿಲ್ಲ. ಆವತ್ತು ಇದೇ ಬಾಗಿಲಲ್ಲಿ ನಿಂತು ಹೇಳಿದ್ದೆ, ನೀವು ಕೇಳ್ಲಿಲ್ಲ."

"ಕೇಳ್ಬೇಕಿತ್ತು" ಎಂದ ರವೂಫ್. ಪದ ಇನ್ನೂ ಪಟ್ಟಿಯಲ್ಲೇ ಉಂಟು, ತೆಗೆಸಲಿಕ್ಕೆ ನನ್ನಿಂದ ಆಗಲಿಲ್ಲ ಎಂದೂ ಹೇಳಿದ. ಅವಳಿಗೆ ಅದು ಗೊತ್ತಿತ್ತು, ರೂಪೇಶ್ ಹೇಳಿದ್ದ. ತೆಗೆದರೂ ಇವರು ಬರುವುದಿಲ್ಲವಲ್ಲ ಎಂದಳು. ಮಾಡಿನಿಂದ ನೀರು ತೊಟ್ಟಿಕ್ಕುತ್ತಿತ್ತು. ರವೂಫ್ ನೆನೆಯುತ್ತಿದ್ದ, ಸೆಟ್ಟನ್ನು ಮಾತ್ರ ಅಂಗಿಯೊಳಗೆ ಅವಚಿಕೊಂಡಿದ್ದ.

ಅಕ್ಕು ಮೆಟ್ಟಿಲು ಇಳಿದು ಅಂಗಳಕ್ಕೆ ಬಂದಳು. ಇಷ್ಟು ವರ್ಷಗಳಲ್ಲಿ ಗಂಡನ ಸ್ನೇಹಿತನನ್ನು ಅವಳು ಒಮ್ಮೆಯೂ ಹಾಗೆ ಕರೆದವಳಲ್ಲ. ತಮ್ಮನನ್ನು ಕರೆಯುವ ಹಾಗೆ, ಮರ್ಯಾದೆಯ ಆ ಒಂದು ಎತ್ವವನ್ನು ತೆಗೆದು, ಮೆಲ್ಲನೆ ಹೇಳಿದಳು.

"ಬಲ."

ರವೂಫನ ಕಾಲು ಮುಂದಕ್ಕೆ ಬಂತು. ಅವಳ ಹಿಂದೆಯೇ ಒಳಗೆ ಹೋಗಿ, ಸೆಟ್ಟನ್ನು ನೋಣಯ್ಯನ ಬೆಂಚಿನ ಮೇಲಿಟ್ಟು, ಅದರ ಪಕ್ಕದಲ್ಲಿ ಕೂತು ಅತ್ತುಬಿಟ್ಟ.